ಗಾಜಿನ ಪಡಸಾಲೆಯಲ್ಲಿ ದಾಸವಾಳ

ಮೊಣಕಾಲು ಸವೆದಿದೆ, ಇನ್ನು ಬಸ್ಸು ಹತ್ತಿ ಓಡಾಡುವುದು ಬೇಡ ಎಂದು ವಿಜಯಪುರದ ಡಾಕ್ಟರು ಹೇಳಿದ ದಿನವೇ ನೂರಜಹಾನ ಬಳೆಯ ಬುಟ್ಟಿ ಇಳಿಸಿದಳು. ಮೂವತ್ತು ವರ್ಷ ಉಮದಿಯ ಸುತ್ತಲಿನ ಹಳ್ಳಿಗಳಲ್ಲಿ ಬಳೆ ತೊಡಿಸಿದವಳು ಅವಳು. ಕೈ ಹಿಡಿದ ಕೂಡಲೇ ಅಳತೆ ಹೇಳುತ್ತಿದ್ದಳು. ಮನೆಯಲ್ಲಿ ಕೂತ ಮೇಲೆ ಮಾಡಲು ಏನೂ ತೋಚದೆ, ಎರಡು ತಿಂಗಳು ಸೊಸೆ ಯಾಸ್ಮಿನಳ ಸಾರಿನಲ್ಲಿ ಉಪ್ಪು ಹುಡುಕುತ್ತ ಕಳೆದಳು.

ಮಗ ಅಕೀಲ ಅಲ್ಯುಮಿನಿಯಂ ಕಿಟಕಿ ಕೂಡಿಸುವ ಕೆಲಸದವನು. ಜತ್ತದ ಒಂದು ಕಟ್ಟಡಕ್ಕೆಂದು ಕೊಯ್ಯಿಸಿದ ಗಾಜುಗಳು ಅಳತೆ ತಪ್ಪಿ ಉಳಿದಿದ್ದವು. ದೀಪಾವಳಿಯ ಹೊತ್ತಿಗೆ ಅವನ್ನು ತಂದು ಮನೆಯ ಮೂಡಣ ಪಡಸಾಲೆಯನ್ನು ಮೂರೂ ಕಡೆ ಮುಚ್ಚಿಬಿಟ್ಟ.

"ಅಮ್ಮೀ, ಥಂಡ್ಯಾಗ ಇಲ್ಲೇ ಕುಂಡ್ರು. ಗಾಳಿ ಬರಂಗಿಲ್ಲ, ಬಿಸಲ ಅಷ್ಟ ಬರತೈತಿ," ಅಂದ.

"ಕುಂತು ಏನ ಮಾಡ್ಲಿ?"

"ಗಿಡಾ ಹಚ್ಚು."

ಅವನು ಮಾತಿಗೆ ಅಂದದ್ದು. ಅವಳು ಮಾತ್ರ ಮರುದಿನ ಸಂತೆಯಿಂದ ಬಂದ ಪುದೀನಾ ಕಟ್ಟಿನ ಕಡ್ಡಿಗಳನ್ನು ಎಣ್ಣೆಯ ಡಬ್ಬಿಯಲ್ಲಿ ನೆಟ್ಟಳು. ವಾರದಲ್ಲಿ ಚಿಗುರಿದವು. ಆಮೇಲೆ ಕೊತ್ತಂಬರಿ, ಮೆಂತ್ಯ, ನಾಲ್ಕು ಮೆಣಸಿನ ಗಿಡ, ಎರಡು ಬದನೆ, ಒಂದು ಗುಲಾಬಿ ಬಂದವು. ಡಿಸೆಂಬರಿನಲ್ಲಿ ಚಳಿ ಎಂದಿಗಿಂತ ಜೋರಾಯಿತು. ಬೆಳಗಿನ ಜಾವ ಹೊರಗೆ ಜನ ಕಂಬಳಿ ಹೊದ್ದು ಬೆಂಕಿ ಕಾಯಿಸಿಕೊಳ್ಳುತ್ತಿದ್ದರೆ, ಎಂಟು ಗಂಟೆಗೆಲ್ಲ ಗಾಜಿನೊಳಗೆ ಬೆಚ್ಚನೆಯ ಮಣ್ಣಿನ ವಾಸನೆ ಏಳುತ್ತಿತ್ತು. ನೂರಜಹಾನ ಚಹಾದ ಬಟ್ಟಲು ಹಿಡಿದು ಒಳಗೆ ಹೋದರೆ ಹನ್ನೊಂದರತನಕ ಹೊರಗೆ ಬರುತ್ತಿರಲಿಲ್ಲ. ನೀರು ಹಾಕುವುದು ಹತ್ತು ನಿಮಿಷದ ಕೆಲಸ. ಉಳಿದ ಹೊತ್ತು ಸುಮ್ಮನೆ ಕೂತಿರುತ್ತಿದ್ದಳು. ಯಾರಾದರೂ ಒಳಗೆ ಬಂದರೆ ಅವಳಿಗೆ ಅಷ್ಟಾಗಿ ಸೇರುತ್ತಿರಲಿಲ್ಲ.

ಸಂಕ್ರಾಂತಿಗೆ ಮೊದಲು ಪಕ್ಕದ ಮನೆಯ ಮಲಕವ್ವ ಬಂದಳು. ಕಂಕುಳಲ್ಲಿ ಒಂದು ದಾಸವಾಳದ ಕುಂಡ.

"ಥಂಡಿಗೆ ಎಲಿ ಎಲ್ಲಾ ಉದರಾಕತ್ತಾವ ನೋಡವಾ. ದೇವರ ಪೂಜಿಗೆ ಇದರ ಹೂವಾ ಬೇಕು ನನಗ. ಥಂಡಿ ಮುಗಿಯೂತನಾ ಇಲ್ಲಿ ಇಟ್ಕೋ."

"ಇಡ್ರಿ ಅಕ್ಕಾ, ಅದಕ್ಕೇನ," ಎಂದಳು ನೂರಜಹಾನ. ಗುಲಾಬಿಯನ್ನು ಸರಿಸಿ ಬಿಸಿಲಿನ ಜಾಗವನ್ನೇ ಕೊಟ್ಟಳು. ಹುಳ ಇದೆಯೇ ಎಂದು ಎಲೆ ತಿರುವಿ ನೋಡಲಿಲ್ಲ. ನೋಡಿದರೆ ಮಲಕವ್ವನಿಗೆ ಬೇಸರವಾದೀತು ಅನಿಸಿತ್ತು.

ಹತ್ತು ದಿನಕ್ಕೆ ಮೆಣಸಿನ ಗಿಡದ ಗೆಣ್ಣುಗಳಲ್ಲಿ ಹತ್ತಿಯಂಥ ಬಿಳಿ ಕಂಡಿತು. ಬೆರಳಿನಿಂದ ಒತ್ತಿದರೆ ಅಂಟಂಟು. ಬದನೆಯ ಎಲೆಯ ಅಡಿಯಲ್ಲೂ ಅದೇ. ಮುಖ ಸಿಂಡರಿಸಿಕೊಂಡು ದಾಸವಾಳದ ಎಲೆ ತಿರುವಿದಳು: ಅಡಿಯೆಲ್ಲ ಬಿಳಿ, ಮೇಲೆ ಇರುವೆ ಸಾಲು. ಬಾಗಿಲಲ್ಲಿ ನಿಂತೇ ಮಲಕವ್ವನನ್ನು ಕೂಗಿದಳು.

"ನಿಮ್ಮ ಗಿಡಾ ನನ್ನ ಖೋಲಿ ಹಾಳ ಮಾಡ್ತು ನೋಡ್ರಿ."

ಮಲಕವ್ವ ನೋಡಿದಳು. ಅವಳ ಗಂಡ ಬಸಗೊಂಡನೂ ಬಂದ. ಅವನು ದ್ರಾಕ್ಷಿ ತೋಟದವನು.

"ಮಿಲಿಬಗ್ ಐತಿ, ಬಿಳಿ ಹಿಟ್ಟಿನ ಹುಳಾ," ಎಂದ. "ದ್ರಾಕ್ಷಿಗೆ ಹೊಡಿಯೂ ಔಷಧ ಐತಿ, ತಂದು ಹೊಡೀತೀನಿ."

"ನಾ ಕುಂಡ್ರೂ ಜಾಗಾದಾಗ ಇಸಾ ಬ್ಯಾಡ್ರಿ ಅಣ್ಣಾ."

"ಹಂಗಾರ ಸಬಕಾರದ ನೀರಿಲೆ ಒಂದೊಂದ ಎಲಿ ತೊಳೀಬೇಕು. ದಿನಾ. ಯಾರು ಮಾಡ್ತಾರ ಅದನ್ನ?"

"ನಂದು ಸುಟ್ಟ ಬಿಡು," ಎಂದಳು ಮಲಕವ್ವ. ದನಿ ಸಣ್ಣದಾಗಿತ್ತು.

ಸಿಟ್ಟಿನಲ್ಲಿದ್ದರೂ ನೂರಜಹಾನ ಅದನ್ನು ಸುಡಲಿಲ್ಲ. ಗೇಣುದ್ದ ಬಿಟ್ಟು ಮೇಲಿನದೆಲ್ಲ ಕತ್ತರಿಸಿದಳು. ಕತ್ತರಿಸಿದ ಕೊಂಬೆಗಳನ್ನು ಮಾತ್ರ ಒಲೆಗೆ ಹಾಕಿಸಿದಳು. ಬೇರು ತೊಳೆದು, ಹೊಸ ಮಣ್ಣು ತುಂಬಿ, ಮೋಟನ್ನು ಬೇರೆಯೇ ಮೂಲೆಯಲ್ಲಿಟ್ಟಳು. ಕೆಟ್ಟುಹೋದ ಬದನೆ ಎರಡನ್ನೂ ಕಿತ್ತಳು. ಉಳಿದ ಗಿಡಗಳ ಮುಂದೆ ಬೋಗುಣಿಯಲ್ಲಿ ಸಾಬೂನು ನೀರಿಟ್ಟುಕೊಂಡು ಕೂತಳು.

ಮಲಕವ್ವ ಮೂರು ದಿನ ಮುಖ ತೋರಿಸಲಿಲ್ಲ. ನಾಲ್ಕನೆಯ ದಿನ ಹಳೆಯ ಧೋತರದ ಅರಿವೆ ಹರಿದು ತಂದು, ಕೇಳದೆಯೇ ಎದುರು ಕೂತಳು.

"ನನಗ ಯಾವ ಗಿಡಾ?"

"ಆ ಮೆಣಸಿನಕಾಯಿ ತೊಗೋರಿ. ಎಲಿ ಅಡ್ಡಾ ಹಿಡೀಬ್ಯಾಡ್ರಿ, ಮುರೀತೈತಿ. ಕೆಳಗ ಕೈ ಕೊಡ್ರಿ."

ಮೂರು ವಾರ ಹೀಗೇ ನಡೆಯಿತು. ಮೊದಮೊದಲು ಹುಳದ ಮಾತೊಂದೇ ಇತ್ತು. ಬರಬರುತ್ತ ಮಲಕವ್ವ ತನ್ನ ಮದುವೆಯ ಕತೆ ಹೇಳಿದಳು, ನೂರಜಹಾನ ಮಾಡಗ್ಯಾಳದಲ್ಲಿ ಕುರಿ ಹಿಂಡು ಬಳೆಯ ಬುಟ್ಟಿ ಉರುಳಿಸಿದ್ದನ್ನು ಹೇಳಿದಳು. ಯಾಸ್ಮಿನ ಎರಡು ಬಟ್ಟಲು ಚಹಾ ತಂದಿಡುವುದು ರೂಢಿಯಾಯಿತು. ಒಂದು ದಿನ ಮಲಕವ್ವ ತಡವಾಗಿ ಬಂದಾಗ, ತಾನು ಎರಡು ಸಲ ಬಾಗಿಲ ಕಡೆ ನೋಡಿದ್ದು ನೂರಜಹಾನಳ ಗಮನಕ್ಕೆ ಬಂತು. ಅದಕ್ಕೆ ಅವಳು ಹೆಚ್ಚು ಬೆಲೆ ಕೊಡಲಿಲ್ಲ.

ಫೆಬ್ರುವರಿ ನಡುವಿಗೆ ಹುಳ ನಿಂತಿತು. ಮೋಟು ದಾಸವಾಳದ ಮೈಮೇಲೆ ನಾಲ್ಕು ಕಡೆ ಹಸಿರು ಒಡೆದಿತ್ತು. ಮಲಕವ್ವ ಕನ್ನಡಕ ಏರಿಸಿ, ಎಲೆಯ ಅಡಿಯನ್ನು ತಾನೇ ತಿರುವಿ ನೋಡಿದಳು.

"ಥಂಡಿ ಹೋತು. ಇನ್ನ ಒಯ್ರಿ ಅಕ್ಕಾ," ಎಂದಳು ನೂರಜಹಾನ.

"ಹೂವಾ ಆಗೂತನಾ ಇರ್ಲಿ ಬಿಡು."

ಮಾರ್ಚಿನಲ್ಲಿ ಗಾಜಿನೊಳಗೆ ಕೂರಲಾಗದಷ್ಟು ಕಾವು. ಅಕೀಲ ಎರಡು ಕಡೆಯ ಗಾಜು ಬಿಚ್ಚಿ ಗೋಡೆಗೆ ಒರಗಿಸಿದ. ಗಿಡಗಳು ಅಂಗಳದ ಬೇವಿನ ನೆರಳಿಗೆ ಹೋದವು. ಹೂವು ಇನ್ನೂ ಬಿಡದ ದಾಸವಾಳದ ಕುಂಡವೂ ಅವುಗಳ ಜೊತೆಗೇ ಹೋಯಿತು. ಮೆಣಸಿನಕಾಯಿ ಎರಡೂ ಮನೆಗೆ ಸಾಕಾಗಿ ಮಿಕ್ಕಿತು. ಮಿಕ್ಕಿದ್ದನ್ನು ಯಾಸ್ಮಿನ ಮಾಳಿಗೆಯ ಮೇಲೆ ಒಣಹಾಕಿದಳು.