ಬೆರಳಿಗೆ ಸಿಕ್ಕ ಎರಡು ಗೆರೆ

ನಾನು ಒಂದು ಕೀಲಿಮಣೆ. ಮುದಿ ಕೀಲಿಮಣೆ ಎನ್ನುವವರು ಎನ್ನಲಿ, ನನಗೇನೂ ಬೇಜಾರಿಲ್ಲ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ; ಬಿಸಿ ಪ್ಲಾಸ್ಟಿಕ್ಕಿನ ವಾಸನೆಯಷ್ಟೇ ನೆನಪು. ಮೈಮೇಲೆ ನೂರಾ ನಾಲ್ಕು ಗುಂಡಿ. ನಡುವಿನ ಸಾಲಿನ ಎರಡು ಗುಂಡಿಗಳಿಗೆ ಮಾತ್ರ ಅಕ್ಕಿಕಾಳಿನಷ್ಟು ಉಬ್ಬಿದ ಒಂದೊಂದು ಗೆರೆ ಇಟ್ಟರು. ಏಕೆಂದು ಆಗ ನನಗೂ ತಿಳಿಯಲಿಲ್ಲ.

ಮೊದಲು ಬಂದದ್ದು ಹುಬ್ಬಳ್ಳಿಯ ಒಂದು ಟೈಪಿಂಗ್ ಕ್ಲಾಸಿಗೆ. ಪರೀಕ್ಷೆಗೆ ಕೂತವರು ನನ್ನನ್ನು ಕುಟ್ಟಿದ ಕುಟ್ಟು ಆ ದೇವರಿಗೇ ಪ್ರೀತಿ. ಕ್ಲಾಸು ಮುಚ್ಚಿದಾಗ ಅಪ್ಪಾಸಾಹೇಬ ಎಂಬಾತ ತನ್ನ ಡಿಟಿಪಿ ಅಂಗಡಿಗೆ ಒಯ್ದ. ಎರಡೇ ಬೆರಳಲ್ಲಿ, ನನ್ನನ್ನೇ ದಿಟ್ಟಿಸುತ್ತ ಟೈಪು ಮಾಡುವ ಗಂಡು ಅವನು. ಅಲ್ಲಿ ಮೊದಲ ಹನ್ನೊಂದು ವರ್ಷ ಲಗ್ನಪತ್ರಿಕೆ ಬರೆದೆ. ಎಷ್ಟು ಜನರ ಮದುವೆ ಮಾಡಿಸಿದೆನೋ! ಒಬ್ಬರೂ ಊಟಕ್ಕೆ ಕರೆಯಲಿಲ್ಲ.

ಅಪ್ಪಾಸಾಹೇಬನಿಗೆ ಒಂದು ಹುಚ್ಚಿತ್ತು. ಪರದೆಯ ಮೇಲಿನದನ್ನು ಕಣ್ಣು ಕಾಣದವರಿಗೆ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ. ಪುಕ್ಕಟೆಯದು, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದದ್ದು. ಅದನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ಹೇಳುವವರೇ ಇರಲಿಲ್ಲ. ಪ್ರತಿ ಭಾನುವಾರ ಅವನೂ ಪಕ್ಕದ ಶಾಲೆಯ ಜುಬೇದಾ ಟೀಚರೂ ಇನ್ನೂ ನಾಲ್ಕು ಮಂದಿಯೂ ಅಂಗಡಿಯಲ್ಲಿ ಸೇರಿ ಕೈಪಿಡಿ ಬರೆಯತೊಡಗಿದರು. ಸಂಬಳವಿಲ್ಲ, ಚಹಾ ಮಾತ್ರ. ಅದರಲ್ಲೂ ಅರ್ಧ ನನ್ನ ಮೈಮೇಲೆ.

ಆರು ತಿಂಗಳಲ್ಲಿ ನಲವತ್ತು ಪುಟ ಮುಗಿಯಿತು. ಮುಂದಿನ ಭಾನುವಾರದೊಳಗೆ ತಂತ್ರಾಂಶ ಮಾಡುವವರಿಗೆ ಕಳಿಸಿದರೆ ತಂತ್ರಾಂಶದ ಹೊಸ ಆವೃತ್ತಿಯ ಜೊತೆ ಕನ್ನಡವೂ ಹೊರಡುತ್ತದೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಆದರೆ ಈ ಆರು ಜನರದೊಂದು ಕಟ್ಟಳೆಯಿತ್ತು. ಕಳಿಸುವ ಮೊದಲು ಹೊಸಬರೊಬ್ಬರು ಕೈಪಿಡಿ ಹೇಳಿದಂತೆ ಮಾಡಿ ನೋಡಬೇಕು. ಬರೆದವರು ಕೈಕಟ್ಟಿ, ಬಾಯಿ ಮುಚ್ಚಿ ಕೂಡಬೇಕು.

ಹಾಗೆ ಬಂದವಳು ಕಸ್ತೂರಕ್ಕ. ಕುರ್ಚಿಗೆ ಬೆತ್ತ ಹೆಣೆಯುವ ಹೆಂಗಸು, ಹುಟ್ಟಿನಿಂದ ಕಣ್ಣು ಕಾಣದು. ಅವಳಿಗೆ ಬೇಕಾದದ್ದು ಒಂದೇ: ದಿನದ ಪೇಪರನ್ನು ತಾನೇ ಓದಬೇಕು.

"ಮಗ್ಗಲ ಮನಿ ಮಾಸ್ತರು ಓದಿ ಹೇಳತಾರ, ಖರೆ. ಆದ್ರ ತಮಗ ಸೇರದ ಸುದ್ದಿ ಹಾರಿಸಿಬಿಡತಾರ. ನನ್ನ ಪೇಪರಿಗೆ ಅವರು ಯಾಕ ಕತ್ತರಿ ಹಾಕಬೇಕು?" ಎಂದಳು. ಆ ಕ್ಷಣಕ್ಕೇ ನನಗೆ ಅವಳು ಸೇರಿಬಿಟ್ಟಳು.

ಜುಬೇದಾ ಟೀಚರ್ ಮೊದಲ ಪುಟವನ್ನು ಬರೆದದ್ದು ಬರೆದ ಹಾಗೆ ಓದಿದರು: "ಪರದೆಯ ಬಲಗಡೆ ಕಾಣುವ ಹಸಿರು ಗುಂಡಿಯನ್ನು ಮೌಸಿನಿಂದ ಒತ್ತಿರಿ. ಒಂದನೆಯ ಚಿತ್ರ ನೋಡಿರಿ."

ಕಸ್ತೂರಕ್ಕನ ಕೈ ನನ್ನ ಮೇಲೆ ನಿಂತಿತು. "ಹಸರು ಅಂದ್ರ ಹೆಂಗಿರತೈತೋ ಅಪ್ಪಾಸಾಹೇಬ? ಬೆತ್ತದಂಗ ಬಿರುಸೋ, ಹತ್ತಿಯಂಗ ಮೆತ್ತಗೋ?"

ಆರು ಜನ ಬುದ್ಧಿವಂತರು, ನಲವತ್ತು ಪುಟ, ಒಬ್ಬರಿಗಾದರೂ ಹೊಳೆಯಬಾರದಿತ್ತೇ! ನನಗೂ ನಾಚಿಕೆಯಾಯಿತು. ಪ್ರತಿ ಅಕ್ಷರವೂ ನನ್ನ ಮೇಲೇ ಬಿದ್ದದ್ದಲ್ಲವೇ?

"ಈಗ ಹಿಂಗ ಕಳಸೂಣು ಅಕ್ಕಾ. ಆಮ್ಯಾಲೆ ತಿದ್ದಿದರಾತು," ಎಂದ ಅಪ್ಪಾಸಾಹೇಬ, ಮೆಲ್ಲಗೆ.

"ಸಡಲ ಹೆಣದ ಕುರ್ಚಿ ನಾ ಗಿರಾಕಿಗೆ ಹಂಗ ಕೊಡತೀನೇನು? ಬಿಚ್ಚು! ಎಲ್ಲಾ ಬಿಚ್ಚಿ ಮತ್ತ ಹೆಣಿ. ಇನ್ನೂ ಒಂದು ವಾರ ಐತಿ. ಮೊದಲ ಈ ಬಾಲದ್ದನ್ನ ಕಿತ್ತು ಒಗಿ!" ಎಂದವಳೇ ಮೌಸಿನ ವೈರನ್ನು ತಾನೇ ಎಳೆದಳು.

ಆ ವಾರ ಅಪ್ಪಾಸಾಹೇಬ ಒಂದೂ ಲಗ್ನಪತ್ರಿಕೆ ಹಿಡಿಯಲಿಲ್ಲ. ಮಧ್ಯಾಹ್ನವೆಲ್ಲ ಕಣ್ಣಿಗೆ ಟವೆಲು ಬಿಗಿದುಕೊಂಡು ನನ್ನ ಮೇಲೆ ತಡಕಾಡಿದ. ಮೂರನೆಯ ದಿನ ಅವನ ತೋರುಬೆರಳುಗಳು ನನ್ನ ಗೆರೆಗಳಿಗೆ ತಾಕಿದವು.

"ಟೀಚರ್, ಇಲ್ಲಿ ಎರಡು ಗೆರಿ ಅದಾವರೀ! ಹನ್ನೊಂದು ವರ್ಷದಾಗ ನಾ ನೋಡೇ ಇಲ್ಲ!"

ನೋಡುತ್ತ ಕೂತದ್ದಕ್ಕೇ ಸಿಕ್ಕಿರಲಿಲ್ಲ, ಪುಣ್ಯಾತ್ಮ! ಹೊಸ ಕೈಪಿಡಿ ಅಲ್ಲಿಂದಲೇ ಶುರುವಾಯಿತು: "ಎರಡು ತೋರುಬೆರಳಿಗೆ ಎರಡು ಗೆರೆ ಸಿಗುವ ತನಕ ಕೈಯಾಡಿಸಿರಿ. ಸಿಕ್ಕವೇ? ದಾರಿ ತಪ್ಪಿದಾಗಲೆಲ್ಲ ಇಲ್ಲಿಗೇ ಬನ್ನಿರಿ."

ಭಾನುವಾರ ಟೀಚರ್ ಓದಿದರು, ಕಸ್ತೂರಕ್ಕ ಒತ್ತಿದಳು. ಏಳನೆಯ ಪುಟದಲ್ಲಿ ತಡವರಿಸಿದಳು. ಅಪ್ಪಾಸಾಹೇಬ ತುಟಿ ಕಚ್ಚಿಕೊಂಡ, ಕಟ್ಟಳೆ ಮುರಿಯಲಿಲ್ಲ. ಅವಳು ನನ್ನ ಗೆರೆಗಳಿಗೆ ವಾಪಸು ಬಂದು, ಗುಂಡಿ ಎಣಿಸಿಕೊಂಡು ಮತ್ತೆ ಹೊರಟಳು. ಕಡೆಗೆ ಯಂತ್ರ ಬಾಯಿಬಿಟ್ಟು, ಇಂಟರ್ನೆಟ್ಟಿನಲ್ಲಿ ಬಂದ ಆ ದಿನದ ಪೇಪರು ಓದತೊಡಗಿತು. ಪೇಪರಿನ ಮೊದಲ ಪುಟದಲ್ಲೇ ಪೌರಕಾರ್ಮಿಕರ ಮುಷ್ಕರದ ಸುದ್ದಿ!

"ನೋಡ್ರೀ, ಮಾಸ್ತರು ಮುಂಜಾನೆ ನುಂಗಿದ್ದು ಇದನ್ನ!" ಎಂದು ಕಸ್ತೂರಕ್ಕ ಮೇಜು ಗುದ್ದಿದಳು. ಚಹಾ ಮತ್ತೆ ನನ್ನ ಮೇಲೆ ಚೆಲ್ಲಿತು. ನಾನು ಆ ಹೊತ್ತಿಗೆ ಏನನ್ನೂ ಲೆಕ್ಕಿಸುವ ಸ್ಥಿತಿಯಲ್ಲಿರಲಿಲ್ಲ. ಸಂಜೆಯೊಳಗೆ ಕೈಪಿಡಿ ಹೊರಟಿತು.

ವರ್ಷಗಳು ಕಳೆದವು. ನನ್ನ ಮೈಮೇಲಿನ ಅಕ್ಷರಗಳೆಲ್ಲ ಸವೆದುಹೋದವು. ಒಂದು ದಿನ ಅಪ್ಪಾಸಾಹೇಬ ಹೊಸ ಕೀಲಿಮಣೆ ತಂದ. "ಇದರಾಗ ಒಂದಕ್ಷರಾನೂ ಉಳದಿಲ್ಲ, ಗುಜರಿಗೆ ಹಾಕೂಣು," ಎಂದ.

"ಅಕ್ಷರ ಹೋದ್ರ ನಿಮಗ ಹೋದುವು. ನನಗ ಯಾವಾಗ ಇದ್ದುವು? ಕೊಡ ಇಲ್ಲೆ!" ಎಂದು ಕಸ್ತೂರಕ್ಕ ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೇಬಿಟ್ಟಳು.

ಈಗ ಅವಳ ಮನೆಯಲ್ಲಿ, ಬೆತ್ತದ ಕಟ್ಟುಗಳ ಪಕ್ಕ, ಅವಳು ಕೊಂಡ ಹಳೆಯ ಕಂಪ್ಯೂಟರಿಗೆ ಅಂಟಿಕೊಂಡು ನನ್ನ ವಾಸ. ಗುಜರಿಯವನು ದಿನವೂ ಓಣಿಯಲ್ಲಿ ಕೂಗುತ್ತ ಹೋಗುತ್ತಾನೆ. ಕೂಗಲಿ ಬಿಡಿ. ನಾವಿಬ್ಬರೂ ಇನ್ನೂ ಪೇಪರಿನ ಮೂರನೆಯ ಪುಟದಲ್ಲಿದ್ದೇವೆ.