ಪೆರುಮಾಳ್ ಆಡಿದ್ದು

ಬಂಗಾರಪೇಟೆಯಲ್ಲಿ ಅಚ್ಚಾಗುವ ಮದುವೆ ಕಾರ್ಡುಗಳಲ್ಲಿ ಹಕಾರ ಉಳಿಯುವುದೇ ಕಷ್ಟ. 'ಆರ್ದಿಕ ಸ್ವಾಗತ' ಎಂದು ಬರೆದುಕೊಟ್ಟವರ ಮನೆಗೆ ಜನರನ್ನು ಹಾರ್ದಿಕವಾಗಿ ಕರೆಯುವ ಕೆಲಸ ಕಲ್ಪನಳದು. ಸ್ಟೇಷನ್ ರಸ್ತೆಯ ಪ್ರಿಂಟಿಂಗ್ ಅಂಗಡಿಯಿಂದ ಮೊಬೈಲಿಗೆ ಬರುವ ಕರಡುಗಳನ್ನು ಅವಳು ಮನೆಯಲ್ಲೇ ಕೂತು ತಿದ್ದಿ ಕಳಿಸುತ್ತಿದ್ದಳು. ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ ಅವಳ ಬಾಯಲ್ಲೂ ಒಂದು ಕಾಲಕ್ಕೆ ಹಾಲು ಆಲೇ ಆಗಿತ್ತು, ಹೂವು ಊವೇ ಆಗಿತ್ತು. ಕಾಲೇಜಿನಲ್ಲಿ ಗೆಳತಿಯರು ನಕ್ಕ ಮೇಲೆ ಹಟ ಹಿಡಿದು ಹಕಾರ ಕಲಿತವಳು. ಈಗ ಮಗಳು ಲಿಖಿತ 'ಸ್ಕೂಲಿಗೆ ಓಗ್ತೀನಿ' ಅಂದರೆ, 'ಹೋಗ್ತೀನಿ' ಅನ್ನುವವರೆಗೂ ಚಿಲಕ ತೆಗೆಯುತ್ತಿರಲಿಲ್ಲ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ ಕನ್ನಡ ವಿಶ್ವಕೋಶವೊಂದಕ್ಕೆ ಅವಳು ನಿರ್ವಾಹಕಿ. ಹೊಸ ಪುಟಗಳನ್ನು ಓದುವುದು, ಸುಳ್ಳು ಹೊಗಳಿಕೆ ಕಿತ್ತುಹಾಕುವುದು, ಉಳಿಸಬೇಕೋ ಅಳಿಸಬೇಕೋ ಎಂಬ ಚರ್ಚೆ ಮುಗಿದಾಗ ತೀರ್ಮಾನ ಬರೆಯುವುದು. ಸಂಬಳವಿಲ್ಲದ ಪೊಲೀಸ್ ಕೆಲಸ ಎಂದು ಅವಳ ಗಂಡ ಸಾಯಿಕುಮಾರ್ ಛೇಡಿಸುತ್ತಿದ್ದ. ಅವಳಿಗೆ ಬೇಜಾರಿರಲಿಲ್ಲ. ಬೇಳೆ ಬೇಯುವ ಹೊತ್ತಿನಲ್ಲಿ, ಬಟ್ಟೆ ನೆನೆಯುವ ಹೊತ್ತಿನಲ್ಲಿ ಮಾಡಿಕೊಳ್ಳುವ ಕೆಲಸ.

'ಕೆ.ಜಿ.ಎಫ್. ಪೆರುಮಾಳ್' ಎಂಬ ಪುಟ ಕಣ್ಣಿಗೆ ಬಿದ್ದದ್ದು ಹಾಗೆ ಬೇಳೆ ಬೇಯುತ್ತಿದ್ದಾಗಲೇ. 'ಗಣಿನಾಡಿನ ಗಾನಗಂಧರ್ವ' ಎಂಬ ಮೊದಲ ಸಾಲಿಗೇ ಅವಳ ಹುಬ್ಬು ಗಂಟಾಯಿತು. ಕೋರಮಂಡಲ್ ಗಣಿಯಲ್ಲಿ ಕೆಲಸ ಮಾಡಿದ ಪೆರುಮಾಳ್, ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸ್ವಂತ ಹಾಡು ಕಟ್ಟಿ ಹಾಡುತ್ತಾರಂತೆ. ಬರೆದವರ ಹೆಸರು 'ಕೋರಮಂಡಲ್ ಕೋಗಿಲೆ'. ಆ ಕೋಗಿಲೆ ವಿಶ್ವಕೋಶದಲ್ಲಿ ಈ ಒಂದು ಪುಟ ಬಿಟ್ಟು ಬೇರೆಲ್ಲೂ ಕೂಗಿರಲಿಲ್ಲ. ಇಂಥವರನ್ನು ಕಲ್ಪನ ಬಹಳ ನೋಡಿದ್ದಳು. ಮಾವನನ್ನು ಸಾಹಿತಿ ಮಾಡಿದ ಅಳಿಯ, ತನ್ನನ್ನೇ ಸಮಾಜಸೇವಕ ಮಾಡಿಕೊಂಡ ಚೀಟಿ ವ್ಯವಹಾರದವನು.

ಅಷ್ಟರಲ್ಲಿ ಬಾಲಾಜಿ ಎಂಬ ಇನ್ನೊಬ್ಬ ಸಂಪಾದಕ ಪುಟಕ್ಕೆ ಅಳಿಸುವ ಸೂಚನೆ ಹಚ್ಚಿಯಾಗಿತ್ತು. ನಿಯಮ ಸರಳ. ಒಬ್ಬರ ಬಗ್ಗೆ ಅವರಿಗೆ ಸಂಬಂಧವಿಲ್ಲದವರು, ಅಚ್ಚಾದ ಕಡೆ, ಗಮನಿಸಿ ಬರೆದಿರಬೇಕು. ಪುಟಕ್ಕೆ ಕೊಟ್ಟಿದ್ದ ಆಧಾರ ಮೂರು. ಮೊದಲನೆಯದು ಕ್ಯಾಸೆಟ್ಟಿನ ಮೇಲಿನ ಚೀಟಿ, ಅದು ಲೆಕ್ಕಕ್ಕಿಲ್ಲ. ಎರಡನೆಯದು ಈಗ ನಿಂತುಹೋಗಿರುವ ಒಂದು ವಾರಪತ್ರಿಕೆಯ ಹೊಗಳಿಕೆ. ಅಂಥ ಪತ್ರಿಕೆಗಳಲ್ಲಿ ಹೊಗಳಿಕೆ ಹೇಗೆ ಬರುತ್ತದೆಂದು ಪ್ರಿಂಟಿಂಗ್ ಅಂಗಡಿಯ ನೆರಳಲ್ಲಿ ಬದುಕುವವಳಿಗೆ ಗೊತ್ತಿರದೇ? ಮೂರನೆಯದು ಹಳೆಯ ದಿನಪತ್ರಿಕೆಯ ತುಣುಕು. ಪುಟದಲ್ಲಿ ಅದರ ಮಾತನ್ನು ಹೀಗೆ ಎತ್ತಿ ಬರೆದಿತ್ತು: 'ಮೈಸೂರು ಮೈನ್ಸ್ ಮೈದಾನದಲ್ಲಿ ಕಿಕ್ಕಿರಿದು ನೆರೆದ ಜನರೆದುರು ಕೋರಮಂಡಲ್‌ನ ಪೆರುಮಾಳ್ ಮೊದಲಿಂದ ಕೊನೆಯವರೆಗೂ ಸೊಗಸಾಗಿ ಹಾಡಿ ಮನಗೆದ್ದರು.'

ಇದು ನಿಜವಾದರೆ ಪುಟ ಉಳಿಯಬಹುದು. ಆದರೆ ಜೊತೆಗಿದ್ದ ಫೋಟೊ ಮಸುಕಾಗಿತ್ತು. ತುಣುಕಿಗೆ ತಲೆಬರಹವಿಲ್ಲ, ತಾರೀಕಿಲ್ಲ, ಪತ್ರಿಕೆಯ ಹೆಸರಿಲ್ಲ. ಮೇಲಿನ ಅಂಚು ಹರಿದದ್ದಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಒಳ್ಳೆಯ ಮಾತು ಬರೆದ ಪೇಪರಿನ ತಲೆಯನ್ನು ಯಾರಾದರೂ ಏಕೆ ಕತ್ತರಿಸುತ್ತಾರೆ? ಕಲ್ಪನ ಚರ್ಚಾಪುಟದಲ್ಲಿ ಕೇಳಿದಳು: ನೀವು ಪೆರುಮಾಳರಿಗೆ ಏನಾಗಬೇಕು? ಮೊದಲು ಅಭಿಮಾನಿ ಎಂಬ ಉತ್ತರ ಬಂತು. ಮತ್ತೆ ಕೇಳಿದಾಗ ಪಕ್ಕದ ಮನೆಯವಳು ಎಂದಾಯಿತು. ಮೂರನೇ ಸಲ ಕೋಗಿಲೆ ಸೋತಿತು: ಮಗಳು, ಭಾನುಪ್ರಿಯ. ಅಪ್ಪ ಈಚೆಗೆ ತುಂಬ ಕೆಮ್ಮುತ್ತಾರೆ, ಅವರು ಇರುವಾಗಲೇ ಮೊಬೈಲಿನಲ್ಲಿ ಹೆಸರು ಹುಡುಕಿದರೆ ಸಿಗಬೇಕೆಂಬ ಆಸೆ ಮೇಡಂ, ಬೇಕಾದರೆ ಬಂದು ಅಸಲು ಪೇಪರ್ ನೋಡಿ.

ಬಾ ಎಂದವರ ಮೇಲೂ ಅನುಮಾನವೇ. ಬರಲಾರಳು ಎಂದುಕೊಂಡು ಕರೆದಿರಬಹುದಲ್ಲ? ಮಾರನೆಯ ದಿನ ಲಿಖಿತಳನ್ನು ಶಾಲೆಗೆ ಕಳಿಸಿ, ಸಾರಿಗೆ ಒಗ್ಗರಣೆ ಹಾಕಿಟ್ಟು, ಕಲ್ಪನ ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದಳು.

ಗಣಿ ಮುಚ್ಚಿದ ಮೇಲೂ ಕೆಲಸಗಾರರ ಸಾಲುಮನೆಗಳಲ್ಲಿ ಜನ ಹಾಗೇ ಉಳಿದಿದ್ದರು. ಭಾನುಪ್ರಿಯ ಹೊಲಿಗೆ ಯಂತ್ರದಿಂದ ಎದ್ದು ಬಂದಳು. ಕತ್ತಿನಲ್ಲಿ ಅಳತೆ ಟೇಪು. ಕಲ್ಪನಳ ಕಣ್ಣು ಮೊದಲು ಹೋದದ್ದು ಯಂತ್ರದ ಮೇಲಿದ್ದ ಕತ್ತರಿಯ ಕಡೆಗೆ. ಒಳಗೆ ಕುರ್ಚಿಯಲ್ಲಿ ಪೆರುಮಾಳ್ ಕೂತಿದ್ದರು. ಒಣಗಿದ ಮೈ, ಒಗೆದು ಮಡಿ ಮಾಡಿದ ಅಂಗಿ. ಅವರ ಹೆಂಡತಿ ಮುನಿಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಂದವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ತವರು ಎಲ್ಲಿ ಎಂದು ಕೇಳಿದರು. ಕಲ್ಪನ ಊರ ಹೆಸರು ಹೇಳಿದಾಗ, ಅದರ ಪಕ್ಕದ ಹಳ್ಳಿಯೇ ತನ್ನದು ಎಂದರು. ನಂಟಿನ ಮಾತಾದರೂ ದನಿಯಲ್ಲಿ ನಂಟಿರಲಿಲ್ಲ.

ಗೋಡೆಯಿಂದ ಇಳಿಸಿದ ಫ್ರೇಮಿನಲ್ಲಿ ತುಣುಕು ಇತ್ತು. ಕಲ್ಪನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರ ಸ್ಪಷ್ಟವಾಗಿತ್ತು. ಸೊಗಸಾಗಿ ಹಾಡಿ ಎಂದಿರಲಿಲ್ಲ. ಸೊಗಸಾಗಿ ಆಡಿ ಎಂದಿತ್ತು.

ಪುಟದಲ್ಲಿ ಅಕ್ಷರ ಬದಲಾಯಿಸಿದ್ದು ಏಕೆಂದು ಅವಳು ಗಟ್ಟಿಯಾಗಿಯೇ ಕೇಳಿದಳು. ಭಾನುಪ್ರಿಯ ನಕ್ಕುಬಿಟ್ಟಳು.

"ಪ್ರಿಂಟ್ ಮಿಸ್ಟೇಕ್ ಮೇಡಂ. ನಮ್ಮ ಕಡೆಯೋರೇ ಯಾರೋ ಅಚ್ಚು ಜೋಡ್ಸವ್ರೆ. ಅದಕ್ಕೇ ನಾನು ಸರಿ ಮಾಡ್ದೆ."

ಕಲ್ಪನಳಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. ದಿನವೂ ಅವಳು ಮಾಡುವುದು ಅದನ್ನೇ ತಾನೆ? ಆದರೆ ಕಣ್ಣು ಕೊನೆಯ ಸಾಲಿಗೆ ಇಳಿದಿತ್ತು. 'ಎರಡನೇ ಅವಧಿಯಲ್ಲಂತೂ ಅವರ' ಎಂಬಲ್ಲಿಗೆ ಪೇಪರು ಮುಗಿದಿತ್ತು. ಹಾಡಿಗೆ ಯಾವ ಎರಡನೇ ಅವಧಿ? ಅವಳು ಫ್ರೇಮನ್ನು ಇನ್ನೂ ಹತ್ತಿರ ತಂದಳು. ಕತ್ತರಿಸಿದ ಮೇಲಂಚಿನಲ್ಲಿ ಒಂದು ಚಿತ್ರದ ಸಣ್ಣ ಎಳೆ ಉಳಿದಿತ್ತು. ಹುಲ್ಲು, ಎರಡು ಬೂಟು, ಬೂಟುಗಳ ನಡುವೆ ದುಂಡಗಿನ ಏನೋ ಒಂದರ ತಳ.

ಫುಟ್‌ಬಾಲು. ಮೈಸೂರು ಮೈನ್ಸ್ ಮೈದಾನದಲ್ಲಿ ಯಾವನೋ ಬೇರೆ ಪೆರುಮಾಳ್ ಫುಟ್‌ಬಾಲ್ ಆಡಿದ ಸುದ್ದಿ ಇದು. ಅಚ್ಚಿನಲ್ಲಿ ತಪ್ಪೇ ಇರಲಿಲ್ಲ.

ಸಿಕ್ಕಿಬಿದ್ದರು ಎಂದುಕೊಂಡು ಕಲ್ಪನ ತಲೆಯೆತ್ತಿದಳು. ಭಾನುಪ್ರಿಯಳ ಮುಖದಲ್ಲಿ ಕಳ್ಳತನದ ಸುಳಿವಿರಲಿಲ್ಲ. ಪೆರುಮಾಳ್ ಹರಕೆಯ ದೇವರನ್ನು ನೋಡುವಂತೆ ಫ್ರೇಮನ್ನು ನೋಡುತ್ತಿದ್ದರು. ಮುನಿಗಂಗಮ್ಮನ ಕೈಯಲ್ಲಿದ್ದ ಕಾಫಿ ಲೋಟ ಮಾತ್ರ ಬಾಗಿಲಲ್ಲೇ ನಿಂತುಹೋಗಿತ್ತು.

"ಅಪ್ಪಂಗೆ ತಮಿಳು ಬಿಟ್ರೆ ಕನ್ನಡ ಓದಕ್ಕೆ ಬರಲ್ಲ ಮೇಡಂ" ಎಂದಳು ಭಾನುಪ್ರಿಯ. "ಅಮ್ಮನೇ ಓದಿ ಏಳ್ತಾ ಇದ್ರು. ಇವತ್ತು ನೀವೊಂದ್ಸಲ ಓದಿ. ನಿಮ್ಮಂತೋರ ಬಾಯಲ್ಲಿ ಕೇಳ್ಲಿ."

ಕಲ್ಪನ ಓದತೊಡಗಿದಳು. ಮೈದಾನ ದಾಟಿತು, ಕಿಕ್ಕಿರಿದ ಜನ ದಾಟಿದರು. ಆ ಶಬ್ದದ ಹತ್ತಿರ ಬಂದಾಗ ನಾಲಿಗೆ ನಿಂತಿತು. ಹಾಡಿ ಎಂದರೆ ಸುಳ್ಳು ಓದಿದಂತೆ. ಅವಳು ಅಚ್ಚಿನಲ್ಲಿದ್ದಂತೆಯೇ ಓದಿದಳು. "ಸೊಗಸಾಗಿ ಆಡಿ ಮನಗೆದ್ದರು."

ಯಾರೂ ಬೆಚ್ಚಲಿಲ್ಲ. ಪೆರುಮಾಳ್ ಕಣ್ಣು ಮುಚ್ಚಿ ತಲೆದೂಗಿದರು. ಭಾನುಪ್ರಿಯ ಅಪ್ಪನ ಭುಜ ಒತ್ತಿದಳು. ಆ ಮನೆಯಲ್ಲಿ ಹಾಡುವುದಕ್ಕೂ ಆಡುವುದಕ್ಕೂ ಇದ್ದದ್ದು ಒಂದೇ ಸದ್ದು.

ಕೇಳಿದ ಸಂತೋಷಕ್ಕೆ ಪೆರುಮಾಳ್ ಹಾಡಿಯೇಬಿಟ್ಟರು. ಗಣಿಗೆ ಇಳಿಯುವವನನ್ನು ಹೆಂಡತಿ ಮೂರು ಸಲ ಹಿಂದಕ್ಕೆ ಕರೆಯುವ ಹಾಡು. ಒಂದು ಸಲ ತಮಿಳಿನಲ್ಲಿ ಕರೆಯುತ್ತಾಳೆ, ಒಂದು ಸಲ ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ. ಮರೆತ ಬೀಡಿ ಕೊಡುವುದಕ್ಕೆ, ಮಗು ನಕ್ಕಿತು ಎಂದು ಹೇಳುವುದಕ್ಕೆ, ಆಮೇಲೆ ಸುಮ್ಮನೆ. ಆ ಸುಮ್ಮನೆ ಎಂಬಲ್ಲಿ ದನಿ ಇಷ್ಟಿಷ್ಟೇ ಕೆಳಗಿಳಿಯಿತು. ನಡುವೆ ಕೆಮ್ಮು ಬಂದು ಹಾಡು ಎರಡು ಸಲ ತುಂಡಾಯಿತು. ತುಂಡಾದ ಕಡೆಯಿಂದಲೇ ಅವರು ಮತ್ತೆ ಎತ್ತಿಕೊಂಡರು. ಕಲ್ಪನಳ ಕೈಯಲ್ಲಿ ಕಾಫಿ ಆರಿ ಕೆನೆ ಕಟ್ಟಿತ್ತು. ಹಾಡು ಚೆನ್ನಾಗಿತ್ತು ಎಂಬುದರಲ್ಲಿ ಅವಳಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಆದರೆ ಅವಳ ಕಿವಿ ಆಧಾರವಲ್ಲ. ವಿಶ್ವಕೋಶದ ನಿಯಮದಲ್ಲಿ ನಿರ್ವಾಹಕಿಯ ಕಿವಿಗೆ ಜಾಗವಿಲ್ಲ.

ಕರಿಬೇವು ತರುವ ನೆಪ ಹೇಳಿ ಮುನಿಗಂಗಮ್ಮ ಸ್ಟೇಷನ್ನಿನವರೆಗೂ ಜೊತೆಗೆ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತ ಮೇಲೆ ಸೆರಗನ್ನು ಸರಿಮಾಡಿಕೊಂಡರು.

"ಅಕ್ಷರ ಎಂಗಿತ್ತೋ ಅಂಗೇ ಓದ್ದೆ ಕಣಮ್ಮ ನೀನು" ಎಂದರು. "ನಾನೂ ಆವತ್ತು ಅಂಗೇ ಓದಿದ್ದು."

ಆಮೇಲೆ ಒಂದೊಂದಾಗಿ ಹೇಳಿದರು. ಮದುವೆಯಾದ ಹೊಸತರಲ್ಲಿ ಅದೇ ಮೈಸೂರು ಮೈನ್ಸ್ ಮೈದಾನದಲ್ಲಿ, ಗಣಿಯವರ ಒಂದು ಸಮಾರಂಭದಲ್ಲಿ ಪೆರುಮಾಳ್ ಹಾಡಲು ವೇದಿಕೆ ಹತ್ತಿದಾಗ ಮುಂದೆ ಕೂತ ಕೆಲವರು ಉದ್ದಕ್ಕೂ ಸಿಳ್ಳೆ ಹೊಡೆದಿದ್ದರು. ಮೂರು ಭಾಷೆ ಕಲಸಿ ಹಾಡುತ್ತಾನೆ, ಇವನದೇನು ಅನ್ನವೋ ಸಾರೋ ಎಂದು ಅಣಕಿಸಿದ್ದರು. ಅಂದಿನಿಂದ ಅವರು ಬಾಯಿಯೇ ಬಿಡಲಿಲ್ಲ; ಶಿಫ್ಟಿಗೆ ಹೋಗುವುದು, ಬರುವುದು, ಗೋಡೆ ಕಡೆ ತಿರುಗಿ ಮಲಗುವುದು. ಒಂದು ದಿನ ಮುನಿಗಂಗಮ್ಮ ಬಸುರಿ ಬಯಕೆಗೆ ಕಡಲೆಕಾಯಿ ತರಿಸಿಕೊಂಡರು. ಕಡಲೆಕಾಯಿ ಸುತ್ತಿದ್ದ ಪೇಪರಿನಲ್ಲಿ ಪೆರುಮಾಳ್ ಎಂಬ ಹೆಸರಿತ್ತು. ಮೇಲೆ ಚೆಂಡು ಒದೆಯುವವರ ಚಿತ್ರವಿತ್ತು. ಚಿತ್ರವನ್ನು ಕತ್ತರಿಸಿ ಒಲೆಗೆ ಹಾಕಿ, ಉಳಿದದ್ದನ್ನು ಗಂಡನಿಗೆ ಓದಿ ಹೇಳಿದರು.

"ಸುಳ್ಳೇನಾದ್ರೂ ಏಳಿದ್ನಾ? ಆಡಿದ ಅಂತ ಬರ್ದವ್ರೆ, ಆಡಿದ ಅಂತ ಓದ್ದೆ. ಅವನಿಗೆ ಯಾವುದು ಕೇಳ್ಸ್ತೋ ಅದು ಕೇಳ್ಸ್ತು." ಹಳಿಗಳ ಕಡೆ ತಿರುಗಿದರು. "ಮಾರ್ನೇ ದಿನ ಬಚ್ಚಲಲ್ಲಿ ಆಡ್ದ. ಆಮೇಲೆ ಬೀದೀಲಿ ಆಡ್ದ. ನಮ್ಮ ಲೈನ್ ಮನೆಗಳಲ್ಲಿ ಮದ್ವೆ ಆಗ್ಲಿ, ಸಾವಾಗ್ಲಿ, ಅವನ ಆಡಿಲ್ದೆ ನಡೀಲಿಲ್ಲ. ನಿನ್ನ ಪುಸ್ತಕದಿಂದ ಬೇಕಾದ್ರೆ ಕಿತ್ತಾಕು ಯಮ್ಮಾ. ಯಾಕೆ ಕಿತ್ತಾಕ್ದೆ ಅಂತ ಮಾತ್ರ ಬರೀಬೇಡ. ನನ್ನ ಮಗಳು ಅವನಿಗೆ ಓದಿ ಏಳ್ತಾಳೆ."

ಮನೆಗೆ ಬಂದ ಮೇಲೂ ಕಲ್ಪನಳ ಅನುಮಾನ ಅಡಗಲಿಲ್ಲ. ದಿಕ್ಕು ಬದಲಾಯಿಸಿತು, ಅಷ್ಟೇ. ತೀರ್ಮಾನಕ್ಕೆ ಕಾರಣ ಬರೆಯಲೇಬೇಕು, ಬರೆದದ್ದು ಎಲ್ಲರಿಗೂ ಕಾಣುತ್ತದೆ. ಇಷ್ಟು ವರ್ಷ ಊರವರ ಕತ್ತರಿ ಹುಡುಕಿದವಳು ಈಗ ನಾನೇ ಕತ್ತರಿ ಹಿಡಿಯುತ್ತಿರುವೆನೇ? ಅವಳು ಅಕ್ಕಿ ತೊಳೆದಳು, ಲಿಖಿತಳ ಜಡೆ ಬಿಚ್ಚಿ ಹೆಣೆದಳು, ಮತ್ತೆ ಕೂತಳು. ಕೊನೆಗೆ ಬರೆದಳು: 'ಪತ್ರಿಕೆಯ ಹೆಸರು, ತಾರೀಕು ಇಲ್ಲದ ತುಣುಕನ್ನು ಆಧಾರವೆಂದು ಎಣಿಸುವುದಿಲ್ಲ. ಉಳಿದವು ಸಾಲದು. ಪುಟವನ್ನು ಅಳಿಸಲಾಗಿದೆ.' ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಬಾಲಾಜಿ ಬಿಡುವವನಲ್ಲ. ತುಣುಕನ್ನು ನೀವು ಖುದ್ದಾಗಿ ನೋಡಿದಿರೆಂದು ಮಗಳು ಚರ್ಚೆಯಲ್ಲಿ ಬರೆದಿದ್ದಾರಲ್ಲ, ಅದರಲ್ಲಿ ನಿಜಕ್ಕೂ ಏನಿತ್ತು ಎಂದು ಕೆಳಗೆ ಕೇಳಿದ. ಕಲ್ಪನ ಆ ಪ್ರಶ್ನೆಯನ್ನು ಎರಡು ಸಲ ಓದಿದಳು. ಕುಕ್ಕರ್ ಕೂಗಿತು. ಎದ್ದು ಹೋದಳು, ಉತ್ತರ ಬರೆಯಲಿಲ್ಲ.

ಸಂಜೆ ಭಾನುಪ್ರಿಯಳ ಮೊಬೈಲಿನಿಂದ ಒಂದು ಧ್ವನಿಸಂದೇಶ ಬಂತು. ಬೈಗುಳವಿರಬಹುದು ಎಂದು ಹೆದರಿ, ಕಲ್ಪನ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೇಳಿದಳು. ಮಾತಾಡಿದ್ದು ಪೆರುಮಾಳ್. ನಡುನಡುವೆ ಕೆಮ್ಮು.

"ನಮ್ ಮಗಳು ಓದಿ ಏಳಿದ್ಳು ಅಮ್ಮಾ. ತಾರೀಕು ಇಲ್ಲಾಂತ ತೆಗೆದ್ರಂತೆ. ಪರವಾಗಿಲ್ಲ. ತಾರೀಕು ಇಲ್ದಿದ್ರೆ ಏನು, ಆಡಿದ್ದು ಆಡಿದ್ದೇ ಅಲ್ವಾ?"

ಲಿಖಿತ ಹಾಲಿಗೆಂದು ಲೋಟ ಹಿಡಿದು ಬಂದು ನಿಂತಿದ್ದಳು. ಕಲ್ಪನ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು.

"ಔದು ತಾತಾ" ಎಂದಳು. "ಬೋ ಚೆನ್ನಾಗ್ ಆಡಿದ್ರಿ."

ಮಗಳು ಕಣ್ಣರಳಿಸಿ ಅಮ್ಮನ ಬಾಯನ್ನೇ ನೋಡಿದಳು.