ಸದ್ಯಕ್ಕೆ ಎಂದು ತಿದ್ದಿದ ಸಾಲು

ಚಿಕ್ಕಪ್ಪ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಲು ಹೋದಾಗ ಮಗಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಅಣ್ಣನ ಹೆಣ ಪಕ್ಕದ ರೂಮಲ್ಲಿದೆ. ನಿನಗೆ ಈಗ ಇದು ಬೇಕಾ?"

"ಅಪ್ಪನದ್ದೇ ಕೆಲಸ, ಚಿಕ್ಕಪ್ಪ. ಹೊಸ ತಿದ್ದುಪಡಿ ತಗೊಳ್ಳೋದು ನಾಲ್ಕಕ್ಕೆ ನಿಲ್ಲುತ್ತೆ. ತಪ್ಪಿದ್ರೆ ಇನ್ನು ಮೂರು ತಿಂಗಳು ಕಾಯಬೇಕು."

"ಮೂರಕ್ಕೆ ಗಾಡಿ ಬರುತ್ತೆ," ಎಂದು ಅವನು ಹೊರಗೆ ಹೋದ.

ಇಪ್ಪತ್ತು ವರ್ಷ ಅಪ್ಪ ಮಾಡಿದ್ದು ಯಾರ ಕಣ್ಣಿಗೂ ಬೀಳದ ಕೆಲಸ. ಯಂತ್ರವನ್ನು ಎಬ್ಬಿಸುವ ತಂತ್ರಾಂಶ ಒಂದು, ಎದ್ದ ಮೇಲೆ ನಡೆಸುವುದು ಇನ್ನೊಂದು. ಬರೆಯುವ ಜನ ಬೇರೆ ಬೇರೆ. ಯಾವ ಬೋರ್ಡಿನಲ್ಲಿ ಯಾವ ತಂತಿ ಎಲ್ಲಿಗೆ ಸೇರಿದೆ ಎಂಬ ವಿವರದ ಕಡತಗಳು ಮಾತ್ರ ಎರಡಕ್ಕೂ ಒಂದೇ. ಅವುಗಳ ಮೂಲಪ್ರತಿ ಇರುವುದು ನಡೆಸುವ ತಂತ್ರಾಂಶದವರ ಬಳಿ. ಅದರ ನಕಲನ್ನು ಎಬ್ಬಿಸುವವರಿಗೆ ಸಾಗಿಸುವವನು ಅಪ್ಪ. ತಿದ್ದುವುದಾದರೆ ಮೂಲದಲ್ಲಿ ತಿದ್ದು, ನಕಲಿಗೆ ಕೈ ಹಚ್ಚಬೇಡ ಎಂದು ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದ. ಬೆರಳು ನಡುಗತೊಡಗಿದ ಮೇಲೆ, ಶಾಲೆಯಲ್ಲಿ ಗಣಿತ ಕಲಿಸುವ ಮಗಳಿಗೆ ಕೆಲಸ ಹೇಳಿಕೊಟ್ಟು ಅವಳ ಹೆಸರನ್ನೂ ತನ್ನ ಜೊತೆ ಸೇರಿಸಿಕೊಂಡಿದ್ದ. "ಈ ಸಲದ್ದು ಸಾಗಿಸಿಬಿಟ್ಟು ಹೋಗ್ತೀನಿ," ಅಂದಿದ್ದ. ಅದಕ್ಕೂ ಮೊದಲೇ ಹೋದ.

ಅವಳು ನಕಲು ಮಾಡಿ ಪರೀಕ್ಷೆ ಓಡಿಸಿದರೆ ಮುನ್ನೂರು ಬೋರ್ಡುಗಳಲ್ಲಿ ಒಂದು ಫೇಲಾಗಿ ಕೆಂಪು. ರೋಗಿಗಳಿಗೆ ಆಮ್ಲಜನಕ ಕೊಡುವ ಯಂತ್ರದ್ದು. ಅದರ ಫ್ಯಾನು ತಿರುಗುತ್ತಿರಲಿಲ್ಲ.

"ರೈಲು ತಡವಾಯ್ತು." ಬಾಗಿಲಲ್ಲಿ ಬೆನ್ನಿಗೆ ಚೀಲ ಹಾಕಿದ್ದ ನರೆಗೂದಲ ಮನುಷ್ಯ. "ಮೂಲ ನೋಡ್ಕೊಳ್ಳೋನು ನಾನೇ. ಈ ಮನೇಲಿ ನನ್ನ ಏನಂತ ಕರೀತಿದ್ರೋ..."

"ತಕರಾರಿ," ಎಂದುಬಿಟ್ಟು ಮಗಳು ನಾಲಿಗೆ ಕಚ್ಚಿಕೊಂಡಳು.

"ಪರವಾಗಿಲ್ಲಮ್ಮ. ನಾನು ಅವರಿಗೆ ಇಟ್ಟ ಹೆಸರು ಇದಕ್ಕಿಂತ ಕೆಟ್ಟದು."

ಹೆಣದ ಮುಂದೆ ಒಂದಿಷ್ಟು ಹೊತ್ತು ನಿಂತು ಬಂದು, ಅವನು ಕೆಂಪು ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿದ. "ಯಾರೋ ಹಿಂದೆ ನಕಲಲ್ಲೇ ತಿದ್ದಿದಾರೆ. ನೀನು ಮೂಲ ತಂದು ಹಾಕಿದ್ದೇ ಅದು ಅಳಿಸಿಹೋಗಿದೆ."

"ಯಾರು?"

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳೇ ದಾಖಲೆ ತೆಗೆದಳು. ಎಂಟು ವರ್ಷದ ಹಿಂದಿನ ತಾರೀಖು, ಅಪ್ಪನ ಹೆಸರು. ಕಾರಣದ ಜಾಗದಲ್ಲಿ ಒಂದೇ ಪದ: ಸದ್ಯಕ್ಕೆ. ಆಮೇಲೆ ಪ್ರತಿ ಸಲ ಸಾಗಿಸಿದಾಗಲೂ ಅದೇ ಸಾಲನ್ನು ಸದ್ದಿಲ್ಲದೆ ಮತ್ತೆ ಕೂರಿಸಿದ್ದ. ಹೋದ ಸಲ ಸಾಗಿಸುವಾಗ ಬಿಸಿನೀರು ತಾ ಎಂದು ಅಪ್ಪ ತನ್ನನ್ನು ಪಕ್ಕದಿಂದ ಎಬ್ಬಿಸಿ ಕಳಿಸಿದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು. ಎಂಟು ವರ್ಷದ ಹಿಂದಿನ ಆ ತಾರೀಖು ಅವಳಿಗೆ ಮರೆಯುವಂಥದ್ದಲ್ಲ.

* * *

ಅವತ್ತು ಅವಳ ಅಪೆಂಡಿಕ್ಸ್ ಒಡೆದಿತ್ತು. ಆಸ್ಪತ್ರೆಯ ಬೆಂಚಿನ ಮೇಲಿದ್ದ ಅಪ್ಪನಿಗೆ ಎಲ್ಲಿಂದಲೋ ಒಬ್ಬ ದಾದಿಯ ಇ-ಪತ್ರ: ಆಮ್ಲಜನಕದ ಹನ್ನೆರಡು ಯಂತ್ರ ನಿಂತಿವೆ. ಮೂಲಕ್ಕೆ ಕಳಿಸಿದರೆ ತಕರಾರಿಗೆ ಉತ್ತರ ಕೊಡುವುದರಲ್ಲೇ ವಾರ ಕಳೆಯುತ್ತದೆ. ಒಳಗೆ ಮಗಳ ಹೊಟ್ಟೆ ಕೊಯ್ಯುತ್ತಿದ್ದಾರೆ. ನಕಲಿನಲ್ಲೇ ಒಂದು ಸಾಲು ತಿದ್ದಿದ. ನಾಳೆ ಮೂಲಕ್ಕೆ ಕಳಿಸಿದರಾಯಿತು ಅಂದುಕೊಂಡ. ಊರಿಗೆಲ್ಲ ಬುದ್ಧಿ ಹೇಳುವವನಿಗೆ ತನ್ನ ತಪ್ಪು ಒಪ್ಪಿಕೊಳ್ಳುವ ನಾಳೆ ಬರಲೇ ಇಲ್ಲ.

* * *

"ಗೊತ್ತಿದ್ದೂ ಸುಮ್ಮನಿದ್ರಾ?" ಮಗಳು ತಕರಾರಿಯನ್ನು ಕೇಳಿದಳು.

"ಅದೊಂದಕ್ಕೆ ತಕರಾರು ಮಾಡಲಿಲ್ಲ." ಅವನು ಗಡಿಯಾರ ನೋಡಿದ. ಎರಡಾಗಿತ್ತು. "ನೀನೂ ಹಾಗೇ ಕೂರಿಸಿಬಿಡು. ಒಂದು ಸಾಲು ತಾನೇ, ಯಾರು ಕೇಳ್ತಾರೆ?"

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಬೇಡ. ಅಪ್ಪ ಎಂಟು ವರ್ಷ ಮುಚ್ಚಿಟ್ಟದ್ದು ಸಾಕು. ಮೂಲಕ್ಕೇ ಕಳಿಸ್ತೀನಿ. ನೀವು ಇಲ್ಲೇ ಇದೀರಲ್ಲ, ನೋಡಿ."

"ಪ್ರಶ್ನೆ ಕೇಳದೆ ತಗೊಳ್ಳೋನಲ್ಲ ನಾನು."

"ಕೇಳಿ."

ಚಪ್ಪಲಿ ಗೂಡಿನ ಮೇಲೆ ಕೂತು ಅವನೂ ಲ್ಯಾಪ್‌ಟಾಪ್ ತೆರೆದ. ಯಾವ ತಂತಿ? ಹಳೆಯ ಮಾದರಿಗೂ ಹೊಂದುತ್ತಾ? ಯಾರು ಪರೀಕ್ಷಿಸಿದ್ದು? ಅವಳು ಅಪ್ಪನ ಟಿಪ್ಪಣಿ, ದಾದಿಯ ಪತ್ರ ಹುಡುಕಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಎರಡು ಸಲ ಅವನು ಒಪ್ಪಲಿಲ್ಲ, ಎರಡು ಸಲ ಮತ್ತೆ ಬರೆದಳು. ತಿದ್ದಿದವನ ಜಾಗದಲ್ಲಿ ಅಪ್ಪನ ಹೆಸರು. 'ಸದ್ಯಕ್ಕೆ' ಇದ್ದಲ್ಲಿ ನಾಲ್ಕು ಸಾಲು ನಿಜವಾದ ಕಾರಣ. ಮೂಲದಲ್ಲಿ ಅದು ಸೇರಿದ್ದೇ ಅವಳು ಎಲ್ಲವನ್ನೂ ಹೊಸದಾಗಿ ನಕಲಿಸಿ ಪರೀಕ್ಷೆ ಹಚ್ಚಿದಳು.

"ಎಲ್ಲ ಹಸಿರಾದ್ರೆ ತಾನಾಗೇ ಒಳಗೆ ಹೋಗುತ್ತೆ," ಎಂದ ತಕರಾರಿ. "ಹೋದ್ರೆ ಮಾತ್ರ ನಮ್ಮಿಬ್ಬರ ಫೋನಿಗೂ ಸುದ್ದಿ ಬರುತ್ತೆ. ಇಲ್ಲಾಂದ್ರೆ ಇಲ್ಲ."

ಚಿಕ್ಕಪ್ಪ ಇಣುಕಿದ. "ಗಾಡಿ ಬಂತು. ಮುಗೀತಾ?"

"ನನ್ನ ಕೈಲಿರೋದು ಮುಗೀತು."

ಅಪ್ಪನನ್ನು ಮಲಗಿಸಿದ ಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಯಲಿಲ್ಲ. ಮೂರು ಮಹಡಿ ಹೊತ್ತೇ ಇಳಿಸಬೇಕು. ತಲೆಯ ಕಡೆ ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ತಕರಾರಿ. ಕಿರಿದಾದ ತಿರುವಿನಲ್ಲಿ ಭಾರವೆಲ್ಲ ಅವರ ಮೇಲೆ ಬಿದ್ದಾಗ ಅವಳ ಜೇಬಿನಲ್ಲಿ ಫೋನು ನಡುಗಿತು. ಅದೇ ಗಳಿಗೆಯಲ್ಲಿ ಅವನ ಜೇಬಿನಲ್ಲೂ.

ಪೆಟ್ಟಿಗೆಯ ಮೇಲಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಯಾರೂ ಕೈ ತೆಗೆಯಲಿಲ್ಲ. ಮುಂದಿನ ಮೆಟ್ಟಿಲಿಗೆ ಇಬ್ಬರ ಕಾಲೂ ಒಟ್ಟಿಗೇ ಇಳಿದವು.